ಹೊರನಾಡಿನಲ್ಲಿ ವಿಜಯಪುರ ಸೀಮೆಯ ಕನ್ನಡ

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಸೀಮೆಗಳಿಂದ ದುಡಿಮೆ ಅರಸಿ ಹೊರಹೋದವರು, ಅವರ ಮಕ್ಕಳು ಮೊಮ್ಮಕ್ಕಳು ಸೊಲ್ಲಾಪುರ, ಮುಂಬಯಿ, ಪುಣೆ, ಗೋವಾಗಳಲ್ಲಿ ಉಳಿಸಿಕೊಂಡು ಬಂದಿರುವ ಮಾತು, ಹಾಡು, ಆಚರಣೆಗಳ ಪರಂಪರೆ. ಕೃಷ್ಣೆ ಮತ್ತು ಭೀಮೆಯರ ನಡುವಿನ ಈ ನೆಲದ ಬಹುಭಾಗ ಕಾಲುವೆ ಬರುವ ತನಕ ಮಳೆಯನ್ನೇ ನಂಬಿತ್ತು. ಮಳೆ ಕೈಕೊಟ್ಟ ವರ್ಷ ಮನೆಗೆ ಬೀಗ ಹಾಕಿ ದುಡಿಯಲು ಹೋಗುವುದಕ್ಕೆ ಇಲ್ಲಿ ಗುಳೆ ಎನ್ನುತ್ತಾರೆ. ಗುಳೆ ಹೋದವರಲ್ಲಿ ಬಹಳ ಜನ ಮುಂಗಾರಿಗೆ ಮರಳುತ್ತಾರೆ. ಅಲ್ಲೇ ನೆಲೆನಿಂತವರದು ಈ ಲೇಖನದ ವಿಷಯ.

ಇವುಗಳಲ್ಲಿ ಹಳೆಯ ದಾರಿ ಸೊಲ್ಲಾಪುರದ್ದು. 1877ರಲ್ಲಿ ಅಲ್ಲಿ ನೂಲಿನ ಗಿರಣಿ ಶುರುವಾಯಿತು. 1884ರಲ್ಲಿ ಹೋಟಗಿಯಿಂದ ವಿಜಯಪುರದ ಮೇಲೆ ಗದಗಿಗೆ ರೈಲು ಓಡಿತು. ಬರ ಬಿದ್ದರೆ ಇಂಡಿ ಕಡೆಯವರಿಗೆ ಗಿರಣಿ ಕೆಲಸ ಒಂದು ರೈಲಿನ ದೂರ. ಆದರೆ ಸೊಲ್ಲಾಪುರವನ್ನು ಪರಸ್ಥಳ ಎನ್ನಲು ನಾಲಗೆ ಹೊರಳುವುದಿಲ್ಲ. 12ನೆಯ ಶತಮಾನದ ವಚನಕಾರ ಸಿದ್ಧರಾಮನ ಸೊನ್ನಲಿಗೆ ಅದೇ. ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣ ಕಲ್ಯಾಣಕ್ಕೂ ಮೊದಲು ಕರಣಿಕನಾಗಿದ್ದ ಮಂಗಳವೇಢೆ ಇಂದು ಸೊಲ್ಲಾಪುರ ಜಿಲ್ಲೆಯಲ್ಲಿದೆ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಮುಂಬಯಿ ರಾಜ್ಯದಲ್ಲೇ ಉಳಿದವು. ಅಕ್ಕಲಕೋಟೆ ಮೊದಲಾದ ಪ್ರದೇಶಗಳನ್ನು ಮೈಸೂರು ರಾಜ್ಯಕ್ಕೆ ಸೇರಿಸಬೇಕೆಂದು ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟಿತು. ಅದು ಜಾರಿಗೆ ಬರಲಿಲ್ಲ. ಹೀಗಾಗಿ ಭೀಮೆಯ ಆಚೆ ದಂಡೆಯಲ್ಲಿ ಎರಡು ಬಗೆಯ ಕನ್ನಡಿಗರಿದ್ದಾರೆ: ಊರು ಬಿಟ್ಟು ಹೋದವರು, ಮತ್ತು ಊರಲ್ಲಿದ್ದುಕೊಂಡೇ ಹೊರನಾಡಿನವರಾದವರು. ಮದುವೆ ಸಂಬಂಧಗಳು ಇಬ್ಬರನ್ನೂ ಎಂದೋ ಬೆರೆಸಿಬಿಟ್ಟಿವೆ.

ಸೊಲ್ಲಾಪುರದ ಕನ್ನಡ ಬದುಕಿನ ದೊಡ್ಡ ಹೆಸರು ಜಯದೇವಿತಾಯಿ ಲಿಗಾಡೆ (1912–1986). ಅಲ್ಲೇ ಹುಟ್ಟಿ, ಮರಾಠಿ ಶಾಲೆಯಲ್ಲಿ ಓದಿದ ಅವರು ಕನ್ನಡವನ್ನು ಸ್ವಂತ ಪ್ರಯತ್ನದಿಂದ ಕಲಿತರು. ಹಾಗೆ ಕಲಿತ ಭಾಷೆಯಲ್ಲಿ, ಹಳ್ಳಿಯ ಹೆಣ್ಣುಮಕ್ಕಳ ಹಾಡಿನ ಮಟ್ಟಾದ ತ್ರಿಪದಿಯಲ್ಲಿ, ಸಿದ್ಧರಾಮ ಪುರಾಣ ಬರೆದರು. ವಚನಗಳನ್ನು ಮರಾಠಿಗೆ ತಂದರು. ಗಡಿಭಾಗದಲ್ಲಿ ಕನ್ನಡ ಶಾಲೆಗಳಿಗಾಗಿ ಓಡಾಡಿದರು. 1974ರ ಮಂಡ್ಯ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರು. ಆ ಪೀಠದಲ್ಲಿ ಕುಳಿತ ಮೊದಲ ಮಹಿಳೆ. ಮನೆಮಾತನ್ನು ಅಕ್ಷರಕ್ಕೆ ಏರಿಸಿಕೊಳ್ಳಲು ಹೊರನಾಡಿನವರು ಪಡಬೇಕಾದ ಪಾಡು ಅವರ ಬದುಕಿನಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆಡೆ ಕಾಣುವುದು ಕಡಿಮೆ.

ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಜತ್ತ ತಾಲ್ಲೂಕುಗಳಲ್ಲಿ ಕನ್ನಡ ಮಾಧ್ಯಮದ ಶಾಲೆಗಳಿವೆ. ಅವುಗಳ ಪಠ್ಯಪುಸ್ತಕವನ್ನು ಮಹಾರಾಷ್ಟ್ರದ ಬಾಲಭಾರತಿಯೇ ಕನ್ನಡದಲ್ಲಿ ಅಚ್ಚುಹಾಕುತ್ತದೆ. ಈ ತಾಲ್ಲೂಕುಗಳ ಮಕ್ಕಳಿಗೆ ಕರ್ನಾಟಕದ ವೃತ್ತಿಶಿಕ್ಷಣ ಪ್ರವೇಶದಲ್ಲಿ ಗಡಿನಾಡ ಕನ್ನಡಿಗರ ಅವಕಾಶವುಂಟು. ಇಷ್ಟಾದರೂ ಕಚೇರಿ, ಬ್ಯಾಂಕು, ನೌಕರಿ ಎಲ್ಲ ಮರಾಠಿಯಲ್ಲಿ. ಲಗ್ನಪತ್ರಿಕೆ ಮರಾಠಿಯಲ್ಲಿ ಅಚ್ಚಾಗಿ, ಸುರಗಿ ಸುತ್ತುವಾಗ ಹಾಡು ಕನ್ನಡದಲ್ಲಿ ಬರುವ ಮನೆಗಳು ಅಲ್ಲಿ ಅಪರೂಪವಲ್ಲ. ಸಂಕ್ರಾಂತಿಗೆ ಸೊಲ್ಲಾಪುರದಲ್ಲಿ ನಡೆಯುವ ಸಿದ್ಧರಾಮನ ಗಡ್ಡಾ ಜಾತ್ರೆಯಲ್ಲಿ ನಂದಿಧ್ವಜಗಳು 68 ಲಿಂಗಗಳ ಸುತ್ತು ಹೊರಡುತ್ತವೆ. ಆಗ ಭೀಮೆಯ ಎರಡೂ ದಂಡೆಯ ಜನ ಅಲ್ಲಿ ಸೇರುತ್ತಾರೆ.

ಗೋವೆಯ ಕಥೆ ಬೇರೆ. ಮುದ್ದೇಬಿಹಾಳ, ಬಾಗೇವಾಡಿ, ಸಿಂದಗಿ ಕಡೆಯವರು ಅಲ್ಲಿಗೆ ಹೋದದ್ದು ಹೆಚ್ಚಾಗಿ ಕಟ್ಟಡ, ರಸ್ತೆ, ಬಂದರಿನ ಕೂಲಿಗೆ. ವಾಸ್ಕೋ ಸುತ್ತ ಕನ್ನಡದ ಪ್ರಾಥಮಿಕ ಶಾಲೆಗಳು ನಡೆದಿವೆ. ಮುಂದಿನ ಓದು ಇಂಗ್ಲಿಷಿನಲ್ಲಿ, ಬೀದಿಯ ಮಾತು ಕೊಂಕಣಿ ಹಿಂದಿಗಳಲ್ಲಿ. ತಾಂಡಾಗಳಿಂದ ಹೋದ ಲಂಬಾಣಿ ಕುಟುಂಬಗಳ ಮಕ್ಕಳಿಗಂತೂ ಕನ್ನಡ ಮನೆಮಾತೂ ಅಲ್ಲ, ಶಾಲೆಯ ಮಾತೂ ಅಲ್ಲ. ಊರಿಗೆ ಬಂದಾಗ ಬೇಕಾಗುವ ಮಾತು. ನಾಗರಪಂಚಮಿ, ಮೊಹರಂ, ಶ್ರಾವಣದಲ್ಲಿ ಬಾಗೇವಾಡಿಯ ಬಸವೇಶ್ವರ ಜಾತ್ರೆ, ಇವುಗಳಿಗೆ ಮಕ್ಕಳನ್ನು ಕರೆದುಕೊಂಡು ಬರುವ ಮನೆಗಳಲ್ಲಿ ಕನ್ನಡ ಆಡುಮಾತಾಗಿ ಉಳಿಯುತ್ತದೆ. ಓದು ಬರಹ ಮಾತ್ರ ಜಾತ್ರೆಯಿಂದ ಬರುವುದಿಲ್ಲ.

ಹೋಲಿಕೆಗೆ ಐಸ್‌ಲ್ಯಾಂಡಿನವರನ್ನು ನೋಡಬಹುದು. 1875ರಲ್ಲಿ ಕೆನಡಾದ ಗಿಮ್ಲಿಯಲ್ಲಿ ನೆಲೆನಿಂತ ಆ ವಲಸಿಗರು ಹತ್ತು ಹದಿನೈದು ವರ್ಷಗಳಲ್ಲೇ ತಮ್ಮ ಭಾಷೆಯ ಎರಡು ಪತ್ರಿಕೆ ಹೊರಡಿಸಿದರು. 1959ರಲ್ಲಿ ಅವೆರಡೂ ಒಂದಾದವು, ಆ ಪತ್ರಿಕೆ ಈಗ ಇಂಗ್ಲಿಷಿನಲ್ಲಿ ನಡೆಯುತ್ತಿದೆ. ಮ್ಯಾನಿಟೋಬಾ ವಿಶ್ವವಿದ್ಯಾಲಯದಲ್ಲಿ 1951ರಿಂದ ಐಸ್‌ಲ್ಯಾಂಡಿಕ್ ವಿಭಾಗವಿದೆ. 1999ರಿಂದ ಸ್ನೊರ್ರಿ ಯೋಜನೆ ವಲಸಿಗರ ಮೊಮ್ಮಕ್ಕಳನ್ನು ಬೇಸಿಗೆಯಲ್ಲಿ ಪೂರ್ವಜರ ನಾಡಿಗೆ ಕರೆತರುತ್ತದೆ. ಅವರಿಗೆ ಅಕ್ಷರ ಮೊದಲಿನಿಂದ ಇತ್ತು, ಊರು ಸಾಗರದಾಚೆ ಇತ್ತು. ನಮ್ಮವರಿಗೆ ಊರು ಒಂದು ರಾತ್ರಿಯ ಬಸ್ಸಿನ ದೂರ, ಕೊರತೆ ಅಕ್ಷರದ್ದು. 2015ರಲ್ಲಿ ಲಂಡನ್ನಿನ ಥೇಮ್ಸ್ ದಂಡೆಯಲ್ಲಿ ಬಸವಣ್ಣನ ಪ್ರತಿಮೆ ನಿಂತದ್ದು ಬಾಗೇವಾಡಿಗೆ ಹೆಮ್ಮೆಯೇ ಸರಿ, ಆದರೆ ವಾಸ್ಕೋದ ಮಗುವಿಗೆ ಅದರಿಂದ ವಚನ ಓದಲು ಬಂದೀತೇ?

ಬಾಯಿಮಾತನ್ನು ಅಕ್ಷರಕ್ಕೆ ಇಳಿಸುವ ಕೆಲಸಕ್ಕೆ ಮಾದರಿ ಇಂಡಿ ಸೀಮೆಯಲ್ಲೇ ಇದೆ. ಆಗ ಇಂಡಿ ತಾಲ್ಲೂಕಿನಲ್ಲಿದ್ದ, ಈಗ ಚಡಚಣ ತಾಲ್ಲೂಕಿಗೆ ಸೇರಿದ ಹಲಸಂಗಿಯ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರು ಬೀಸುವ ಕಲ್ಲಿನ ಮುಂದೆ ಹೆಣ್ಣುಮಕ್ಕಳು ಹಾಡುತ್ತಿದ್ದ ಪದಗಳನ್ನು ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’ ಪ್ರಕಟಿಸಿದರು. ಅದೇ ಸೀಮೆಯಿಂದ ಗೋವಾ, ಮುಂಬಯಿಗೆ ಹೋದ ತಾಯಂದಿರ ಬಾಯಲ್ಲಿ ಉಳಿದಿರುವ ಹಾಡುಗಳನ್ನೂ ಹೀಗೆಯೇ ಬರೆದುಕೊಳ್ಳಬೇಕಾಗಿದೆ. ಹಾಡಬಲ್ಲವರು ಇರುವಾಗಲೇ ಅದು ಆಗಬೇಕು.