ಒಂದೇ ಹೆಸರಿನ ಇಪ್ಪತ್ತೆಂಟು ತಳಿಗಳು: ಕ್ಲೀವ್‌ಲೆಂಡಿನ ಕಪ್ಪು ಬೂಸ್ಟು ಮತ್ತು ಡಿಎನ್‌ಎ ಗುರುತು

ಮನೆಯೊಳಗಿನ ಬೂಸ್ಟನ್ನು ಡಿಎನ್‌ಎ ಮೂಲಕ ಗುರುತಿಸುವ ವಿಧಾನದ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಒಂದೇ ಜಾಡಿನಲ್ಲಿ ಸಾಗುತ್ತಾರೆ. 1993-94ರಲ್ಲಿ ಅಮೆರಿಕದ ಒಹಾಯೊ ರಾಜ್ಯದ ಕ್ಲೀವ್‌ಲೆಂಡಿನಲ್ಲಿ ಹಸುಗೂಸುಗಳ ಶ್ವಾಸಕೋಶದಲ್ಲಿ ರಕ್ತಸ್ರಾವ ಕಾಣಿಸಿಕೊಂಡಿತು. ನೀರು ಸೋರಿದ ಮನೆಗಳಲ್ಲಿ ಬೆಳೆದಿದ್ದ ಸ್ಟ್ಯಾಕಿಬಾಟ್ರಿಸ್ ಎಂಬ ಕಪ್ಪು ಬೂಸ್ಟಿನ ಮೇಲೆ ಗುಮಾನಿ ಬಿತ್ತು. 2000ದಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರವಾದ ಸಿಡಿಸಿ, ಆ ನಂಟನ್ನು ಎತ್ತಿಹಿಡಿಯುವಷ್ಟು ಗಟ್ಟಿ ಆಧಾರವಿಲ್ಲ ಎಂದು ಹಿಂದೆ ಸರಿಯಿತು. ಇದಕ್ಕೆಲ್ಲ ಹಳೆಯ ಗುರುತಿಸುವ ಕ್ರಮದ ಒರಟುತನವೇ ಕಾರಣ, ಡಿಎನ್‌ಎ ವಿಧಾನ ಬಂದಮೇಲೆ ಆ ಕೊರತೆ ನೀಗಿತು ಎಂಬುದು ಈ ಕಥನದ ಮುಕ್ತಾಯ. ಇದರ ಮೊದಲ ಮೂರು ಮಾತುಗಳು ದಾಖಲೆಗೆ ಹೊಂದುತ್ತವೆ, ಕೊನೆಯದು ಹೊಂದುವುದಿಲ್ಲ. ಕ್ಲೀವ್‌ಲೆಂಡಿನಲ್ಲಿ ಬೂಸ್ಟಿನ ಪ್ರಭೇದದ ಹೆಸರು ತಪ್ಪಿರಲಿಲ್ಲ. ಹೆಸರಿನಿಂದ ಏನನ್ನು ಊಹಿಸಬಹುದು ಎಂಬಲ್ಲಿ ಎಡವಟ್ಟಾಗಿತ್ತು, ಮುಂದೆ ಬಂದ ಡಿಎನ್‌ಎ ವಿಧಾನ ಆ ಎಡವಟ್ಟನ್ನು ಸರಿಪಡಿಸಲಿಲ್ಲ ಎಂಬುದು ನನ್ನ ವಾದ. ಇದಕ್ಕೆ ಬೇಕಾದ ಸಾಕ್ಷ್ಯ ಆ ವಿಧಾನವನ್ನು ರೂಪಿಸಿದವರೇ 1999ರಲ್ಲಿ ಪ್ರಕಟಿಸಿದ ಒಂದು ಲೇಖನದಲ್ಲಿದೆ. ಅದನ್ನು ಉಲ್ಲೇಖಿಸುವವರು ಹಲವರಾದರೂ ಅದರ ಅಂಕಿಗಳನ್ನು ಕೂಡಿ ಕಳೆದು ನೋಡುವವರು ಕಡಿಮೆ.

ಮೊದಲು 2000ದ ಸಿಡಿಸಿ ವರದಿಯ ವಿಷಯ. ಅದು ಬೂಸ್ಟನ್ನು ನಿರ್ದೋಷಿ ಎಂದು ಸಾರಿತು ಎಂದು ಒಂದು ಪಕ್ಷ ಓದುತ್ತದೆ, ಒತ್ತಡಕ್ಕೆ ಮಣಿದ ಬರಹವೆಂದು ಇನ್ನೊಂದು ಪಕ್ಷ ಓದುತ್ತದೆ. ಇಬ್ಬರೂ ವರದಿಯ ಆಕ್ಷೇಪಗಳನ್ನು ಒಂದೊಂದಾಗಿ ನೋಡುವ ತಾಳ್ಮೆ ತೋರಿಲ್ಲ. ಗಾಳಿಯಲ್ಲಿನ ಬೂಸ್ಟು ಹೆಚ್ಚಿದಂತೆ ಅಪಾಯ 9.8 ಪಟ್ಟು ಏರುತ್ತದೆ ಎಂಬ ಹಳೆಯ ಅಂಕಿ ಲೆಕ್ಕದ ತಪ್ಪಿನಿಂದ ಉಬ್ಬಿತ್ತು, ಯಾವುದು ಕಾಯಿಲೆ ಬಿದ್ದ ಮಗುವಿನ ಮನೆ ಎಂಬುದು ಮಾದರಿ ತೆಗೆಯುವವರಿಗೆ ಗೊತ್ತಿತ್ತು, ಧೂಳೆಬ್ಬಿಸಿ ಮಾದರಿ ತೆಗೆದ ಕ್ರಮ ಎಲ್ಲ ಮನೆಗಳಲ್ಲೂ ಒಂದೇ ಆಗಿರಲಿಲ್ಲ ಎಂಬುವು ಅದರ ಮುಖ್ಯ ಆಕ್ಷೇಪಗಳು. ಇವು ಎಣಿಕೆಯ, ಹೋಲಿಕೆಯ ದೋಷಗಳು. ಅಲ್ಲಿದ್ದದ್ದು ಸ್ಟ್ಯಾಕಿಬಾಟ್ರಿಸ್ ಅಲ್ಲವೇ ಅಲ್ಲ ಎಂಬುದು ವರದಿಯ ತಕರಾರಾಗಿರಲಿಲ್ಲ. (ಮೊದಮೊದಲ ವರದಿಗಳಲ್ಲಿನ ಪ್ರಭೇದದ ಹೆಸರು ‘ಅಟ್ರಾ’ ಬೇರೆ, ಈಚಿನ ಬರಹಗಳ ‘ಚಾರ್ಟಾರಮ್’ ಬೇರೆ ಎಂದು ತಿಳಿದು ಅದರ ಮೇಲೆ ವಾದ ಕಟ್ಟಿದವರೂ ಉಂಟು. 1837ರಲ್ಲಿ ಶಿಲೀಂಧ್ರ ತಜ್ಞ ಕೊರ್ಡಾ ಪ್ರಾಗ್ ನಗರದ ಮನೆಯೊಂದರ ಗೋಡೆ ಕಾಗದದ ಮೇಲೆ ಕಂಡು ‘ಅಟ್ರಾ’ ಎಂದು ಹೆಸರಿಟ್ಟದ್ದನ್ನು 1958ರಲ್ಲಿ ಹ್ಯೂಸ್ ಇನ್ನೂ ಹಳೆಯ ಹೆಸರೊಂದಕ್ಕೆ ಹೊಂದಿಸಿ ‘ಚಾರ್ಟಾರಮ್’ ಮಾಡಿದ. ಎರಡೂ ಒಂದೇ ಬೂಸ್ಟಿನ ಹೆಸರು. ಇಂಥ ಕಡೆ ಹೆಚ್ಚು ನಿಲ್ಲಬೇಕಾಗಿಲ್ಲ.)

ಈಗ 1999ರ ಲೇಖನ. ವೆಸ್ಪರ್, ಡಿಯರ್‌ಬಾರ್ನ್, ಹಾಗ್‌ಲ್ಯಾಂಡ್ ಮತ್ತಿತರರು ಬರೆದದ್ದು. ಡಿಯರ್‌ಬಾರ್ನ್ ಕ್ಲೀವ್‌ಲೆಂಡಿನ ಪ್ರಕರಣಗಳನ್ನು ಅಧ್ಯಯನ ಮಾಡಿದ ಮಕ್ಕಳ ವೈದ್ಯರು. ವೆಸ್ಪರ್ ಮತ್ತು ಹಾಗ್‌ಲ್ಯಾಂಡ್ ಅದೇ ಒಹಾಯೊದ ಸಿನ್ಸಿನಾಟಿಯಲ್ಲಿರುವ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎಯ ಪ್ರಯೋಗಾಲಯದವರು. ಅವರು 28 ತಳಿಗಳನ್ನು ಎತ್ತಿಕೊಂಡರು: ಕ್ಲೀವ್‌ಲೆಂಡಿನಲ್ಲಿ ಮಗು ಕಾಯಿಲೆ ಬಿದ್ದ ಮನೆಗಳಿಂದ 8, ಅದೇ ಊರಿನ ಹೋಲಿಕೆಯ ಮನೆಗಳಿಂದ 8, ಬೇರೆ ಊರುಗಳಿಂದ 12. ಎಲ್ಲವೂ ಸ್ಟ್ಯಾಕಿಬಾಟ್ರಿಸ್ ಚಾರ್ಟಾರಮ್. ಹಿಂದಿನ ವರ್ಷ ಜಾರ್ವಿಸ್ ತಂಡ ಕ್ಲೀವ್‌ಲೆಂಡಿನ ಬೂಸ್ಟನ್ನು ಪ್ರಯೋಗಾಲಯದಲ್ಲಿ ಅಕ್ಕಿಯ ಮೇಲೆ ಬೆಳೆಸಿ ವಿಷಗಳನ್ನು ಪಟ್ಟಿ ಮಾಡಿತ್ತು. ಅದು ಬೆಲೆಯುಳ್ಳ ಕೆಲಸ, ಆದರೆ ಆ ಮನೆಗಳಲ್ಲಿ ಬೂಸ್ಟು ತಿಂದದ್ದು ಅಕ್ಕಿಯನ್ನಲ್ಲ. 1999ರ ತಂಡ ತಳಿಗಳನ್ನು ಒದ್ದೆ ಮಾಡಿದ ಜಿಪ್ಸಮ್ ಹಲಗೆಯ ಮೇಲೆ, 23 ಡಿಗ್ರಿಯಲ್ಲಿ, ಎಂಟು ವಾರ ಬೆಳೆಸಿತು. ಅಮೆರಿಕದ ಮನೆಗಳ ಒಳಗೋಡೆ ಇದೇ ಹಲಗೆ. ಅದರ ಮೈಮೇಲಿನ ಕಾಗದವೇ ಈ ಬೂಸ್ಟಿನ ಆಹಾರ. ವಾರಕ್ಕೊಮ್ಮೆ ಹಲಗೆಯಿಂದ ಬೀಜಕಗಳನ್ನು ತೆಗೆದು ಕುರಿಯ ರಕ್ತ ಬೆರೆಸಿದ ಅಗರ್ ಮೇಲೆ ಹಾಕಿ, ಬೂಸ್ಟಿನ ಸುತ್ತ ಕೆಂಪು ಕರಗಿ ತಿಳಿಯಾಗುತ್ತದೆಯೇ ಎಂದು ನೋಡಿದರು. ಹಾಗೆ ತಿಳಿಯಾದರೆ ಆ ತಳಿ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ ಎಂದರ್ಥ. ಮೈಬಿಸಿಯಾದ 37 ಡಿಗ್ರಿಯಲ್ಲಿ ಎಂಟೂ ವಾರ ಈ ಗುಣ ತೋರಿದ ಕ್ಲೀವ್‌ಲೆಂಡಿನ ತಳಿಗಳು ಐದು, ಐದೂ ಕಾಯಿಲೆ ಬಿದ್ದ ಮಕ್ಕಳ ಮನೆಯವು. ಬೇರೆ ಊರಿನ ತಳಿಗಳಲ್ಲಿ ಮೂರು. ಹಲಗೆಯ ಮೇಲೆ ಬೀಜಕ ಅತಿ ವಿಷಮಯವಾದ ತಳಿಗಳು ಕ್ಲೀವ್‌ಲೆಂಡಿನವು ಐದು, ಹೊರಗಿನವು ಎರಡು. ರಕ್ತ ಒಡೆಯುವ ಗುಣ, ಅತಿ ವಿಷ ಎರಡೂ ಕೂಡಿಬಂದದ್ದು ಒಟ್ಟು 28ರಲ್ಲಿ ಮೂರರಲ್ಲಿ ಮಾತ್ರ. ಆ ಮೂರೂ ಮಕ್ಕಳು ಕಾಯಿಲೆ ಬಿದ್ದ ಮನೆಗಳಿಂದ ಬಂದವು.

ಆಮೇಲಿನವರೆಲ್ಲ ಹಿಡಿದುಕೊಂಡದ್ದು ಈ ಕೊನೆಯ ವಾಕ್ಯವನ್ನು. ಕೊಲೆಗಡುಕ ತಳಿ ಕೊನೆಗೂ ಸಿಕ್ಕಿತು ಎಂಬ ಧಾಟಿಯಲ್ಲಿ ಅದನ್ನು ಓದುವವರು ಒಂದು ಸಣ್ಣ ಲೆಕ್ಕ ಹಾಕಿ ನೋಡಬೇಕು. 28 ತಳಿಗಳಿಂದ ಯಾವುದೋ ಮೂರನ್ನು ಕಣ್ಣುಮುಚ್ಚಿ ಎತ್ತಲು 3,276 ದಾರಿಗಳಿವೆ. ಮೂರೂ ಪೀಡಿತ ಮನೆಗಳ ಎಂಟರಿಂದಲೇ ಬರುವ ದಾರಿಗಳು 56. ಸುಮಾರು ಅರವತ್ತಕ್ಕೆ ಒಂದು, ಹಾಗಾಗಿ ಆಕಸ್ಮಿಕವೆನ್ನುವುದು ಕಷ್ಟ ಎಂದು ತೋರುತ್ತದೆ. ಆದರೆ ಬೇರೆ ಊರಿನ 12 ತಳಿಗಳು ಈ ಪ್ರಶ್ನೆಗೆ ಸಾಕ್ಷಿಗಳೇ ಅಲ್ಲ. ಒಂದೇ ಊರಿನ ಪೀಡಿತ ಮನೆಗೂ ಹೋಲಿಕೆಯ ಮನೆಗೂ ವ್ಯತ್ಯಾಸವುಂಟೇ ಎಂಬುದು ಪ್ರಶ್ನೆ. ಹಾಗೆ ಕ್ಲೀವ್‌ಲೆಂಡಿನ 16ನ್ನೇ ಲೆಕ್ಕಕ್ಕೆ ತೆಗೆದುಕೊಂಡರೆ ದಾರಿಗಳು 560, ಅವುಗಳಲ್ಲಿ 56. ಹತ್ತಕ್ಕೆ ಒಂದು. ಇಷ್ಟು ಸಡಿಲವಾದ ಅಂಕಿಯ ಮೇಲೆ ಯಾರನ್ನೂ ತಪ್ಪಿತಸ್ಥರನ್ನಾಗಿ ಮಾಡಲಾಗದು. ಇದಕ್ಕಿಂತ ಗಟ್ಟಿಯಾದದ್ದು ಅದೇ ಲೇಖನದ, ಹೆಚ್ಚು ಮಾತಿಗೆ ಬರದ ಅಂಕಿ: ರಕ್ತ ಒಡೆಯುವ ಐದು ತಳಿಗಳು ಎಂಟು ಪೀಡಿತ ಮನೆಯ ತಳಿಗಳಲ್ಲೇ ಇದ್ದು, ಹೋಲಿಕೆಯ ಎಂಟರಲ್ಲಿ ಒಂದೂ ಇಲ್ಲದಿರುವುದು. ಅಲ್ಲಿ 4,368 ದಾರಿಗಳಲ್ಲಿ 56, ಎಂದರೆ 78ಕ್ಕೆ ಒಂದು. ತಳಿಗಳು ಒಂದಕ್ಕೊಂದು ಸಂಬಂಧವಿಲ್ಲದೆ ಸಂಗ್ರಹವಾದವು ಎಂದು ಒಪ್ಪಿಕೊಂಡರೆ ಮಾತ್ರ ಈ ಲೆಕ್ಕ ನಿಲ್ಲುತ್ತದೆ. ಹಲವು ಗುಣಗಳನ್ನು ಪರೀಕ್ಷಿಸಿದಾಗ ಒಂದಲ್ಲ ಒಂದು ಎದ್ದು ಕಾಣುವುದು ಸಹಜ ಎಂಬುದನ್ನೂ ಮರೆಯಬಾರದು. ಇಷ್ಟು ರಿಯಾಯಿತಿ ಕೊಟ್ಟರೂ ಇದು ತಳ್ಳಿಹಾಕುವ ಅಂಕಿಯಲ್ಲ. ಸಿಡಿಸಿ ವರದಿಯ ಮರುವರ್ಷದಿಂದ ಇಡೀ ವಿಷಯವೇ ಮುಗಿದ ಅಧ್ಯಾಯ ಎಂದು ಬರೆದವರು ಇದಕ್ಕೆ ಉತ್ತರ ಕೊಟ್ಟಿಲ್ಲ.

ಇದು ರೋಗಕಾರಣದ ಮಾತಾಯಿತು. ಗುರುತಿಸುವ ವಿಧಾನಕ್ಕೆ ಸಂಬಂಧಿಸಿದ ಪಾಠ ಇನ್ನೊಂದಿದೆ, ಅದಕ್ಕೆ ಸಂಭವನೀಯತೆಯ ಲೆಕ್ಕವೂ ಬೇಡ. ಅತಿ ವಿಷವುಳ್ಳವು, ಅಷ್ಟು ವಿಷವಿಲ್ಲದವು, ರಕ್ತ ಒಡೆಯುವವು, ಒಡೆಯದವು ಎಲ್ಲವೂ ಒಂದೇ ಪ್ರಭೇದದ ಹೆಸರಿನ ಕೆಳಗೆ ಕುಳಿತಿವೆ. ಹೊರ ಊರಿನ ಮೂರು ರಕ್ತ ಒಡೆದವು, ಎರಡು ಅತಿ ವಿಷಮಯವಾಗಿದ್ದವು, ಎರಡೂ ಗುಣ ಕೂಡಿದ್ದು ಒಂದೂ ಇಲ್ಲ. ಎಂದರೆ ಈ ಎರಡು ಗುಣಗಳು ಒಂದರ ಹಿಂದೆ ಒಂದು ನಡೆಯುವಂಥವಲ್ಲ. ತಳಿಗಳ ನಡುವಿನ ಹತ್ತಿರ ದೂರ ತಿಳಿಯಲು ತಂಡ ಬಳಸಿದ ಡಿಎನ್‌ಎ ಕ್ರಮವೂ ಪ್ರಭೇದ ಹೆಸರಿಸುವ ಕ್ರಮವಾಗಿರಲಿಲ್ಲ. ಪ್ರೈಮರ್ ಎಂಬ ಕಿರಿದಾದ ಡಿಎನ್‌ಎ ತುಂಡುಗಳು ಜೀನೋಮಿನಲ್ಲಿ ಎಲ್ಲೆಲ್ಲಿ ಕೂರುತ್ತವೋ ಅಲ್ಲೆಲ್ಲ ತುಣುಕುಗಳನ್ನು ಹೆಚ್ಚಿಸಿ, ಪಟ್ಟಿಗಳ ಸಾಲನ್ನು ಹೋಲಿಸುವ ಕ್ರಮ ಅದು. ಅತಿ ವಿಷವಿದ್ದು ಸದಾ ರಕ್ತ ಒಡೆದ ಮೂರರಲ್ಲಿ ಎರಡು ತಳಿಗಳು ಉಳಿದೆಲ್ಲಕ್ಕಿಂತ ಪರಸ್ಪರ ಹತ್ತಿರ ಕಂಡವು. ಈ ಕ್ರಮದ ಫಲಿತಾಂಶ ಒಂದು ಪ್ರಯೋಗಾಲಯದಿಂದ ಇನ್ನೊಂದಕ್ಕೆ ಹೋದರೆ ಹಾಗೇ ಉಳಿಯುವುದಿಲ್ಲ ಎಂಬ ದೂರು ನ್ಯಾಯವಾದದ್ದೇ. ಆದರೆ ಪ್ರಭೇದದ ಒಳಗೆ ಇಣುಕಿ ನೋಡಿದ್ದು ಅದು ಮಾತ್ರ.

ಅದೇ 1999ರಲ್ಲಿ ಅದೇ ವೆಸ್ಪರ್ ಮತ್ತು ಹಾಗ್‌ಲ್ಯಾಂಡ್ ಇನ್ನೊಂದು ಲೇಖನವನ್ನೂ ಪ್ರಕಟಿಸಿದರು. ಹಾಗ್‌ಲ್ಯಾಂಡ್ ಮತ್ತು ಹೆಕ್‌ಮನ್ 1998ರಲ್ಲಿ ಹುಡುಕಿದ ಪ್ರೈಮರ್‌ಗಳನ್ನು ಹೊಳೆಯುವ ಪ್ರೋಬ್‌ಗೆ ಜೋಡಿಸಿ, ಡಿಎನ್‌ಎ ತುಣುಕನ್ನು ಹೆಚ್ಚಿಸುವ ಪಿಸಿಆರ್ ಕ್ರಿಯೆ ನಡೆಯುತ್ತಿರುವಾಗಲೇ ಸ್ಟ್ಯಾಕಿಬಾಟ್ರಿಸ್ ಬೀಜಕಗಳನ್ನು ಎಣಿಸುವ ವಿಧಾನ ಅದು. ಮುಂದಿನ ಇಪಿಎ ವಿಧಾನವೆಲ್ಲ ಬೆಳೆದದ್ದು ಈ ಎರಡನೆಯ ಲೇಖನದಿಂದ. ಅದು ನೆಚ್ಚಿಕೊಂಡದ್ದು ರೈಬೋಸೋಮಿನ ಜೀನ್‌ಗಳ ನಡುವೆ ಇರುವ ಐಟಿಎಸ್ ಎಂಬ ಭಾಗವನ್ನು. ಕೋಶದಲ್ಲಿ ಅದರ ಪ್ರತಿಗಳು ಹಲವಿರುವುದರಿಂದ ಚಿಟಿಕೆ ಧೂಳಿನಲ್ಲೂ ಸಿಗುತ್ತದೆ, ಪ್ರಭೇದದಿಂದ ಪ್ರಭೇದಕ್ಕೆ ಬೇಕಾದಷ್ಟು ಬದಲಾಗುತ್ತದೆ. 2012ರಲ್ಲಿ ಶಿಲೀಂಧ್ರಗಳಿಗೆಲ್ಲ ಸಾಮಾನ್ಯ ಗುರುತು ಚೀಟಿಯಾಗಿ ಅದನ್ನೇ ಮುಂದಿಟ್ಟದ್ದೂ ಈ ಕಾರಣಕ್ಕೆ. ಆದರೆ ವಿಷ ಮಾಡುವ ಕೆಲಸಕ್ಕೂ ಐಟಿಎಸ್‌ಗೂ ಸಂಬಂಧವಿಲ್ಲ. ಒಂದು ಲೇಖನ ಪ್ರಭೇದದ ಹೆಸರಿನಿಂದ ವಿಷ ಗೊತ್ತಾಗದು ಎಂದು ತೋರಿಸಿದ ವರ್ಷವೇ ಇನ್ನೊಂದು ಲೇಖನ ಪ್ರಭೇದದ ಹೆಸರನ್ನು ಅತಿ ಕರಾರುವಾಕ್ಕಾಗಿ ಎಣಿಸುವ ಹತ್ಯಾರು ಕೊಟ್ಟಿತು. ಇದರಲ್ಲಿ ಲೇಖಕರ ತಪ್ಪೇನೂ ಇಲ್ಲ. ಎರಡನ್ನೂ ಒಟ್ಟಿಗಿಟ್ಟು ಓದದ ನಮ್ಮ ತಪ್ಪು.

ನಾಲ್ಕು ವರ್ಷಗಳ ನಂತರ, 2003ರಲ್ಲಿ, ಆಂಡರ್ಸನ್, ನೀಲ್ಸನ್, ಜಾರ್ವಿಸ್ ಮತ್ತಿತರರು 25 ತಳಿಗಳನ್ನು ರೂಪ, ರಸಾಯನ, ಜೀನ್ ಮೂರೂ ಕಡೆಯಿಂದ ಪರೀಕ್ಷಿಸಿದರು. ನಯವಾದ ಬೀಜಕದ, ಒಂದು ಬಗೆಯ ಅಗರ್ ಮೇಲೆ ಹಸಿರು ಬಣ್ಣ ಬಿಡುವ ಒಂದು ಗುಂಪು ಹೊಸ ಪ್ರಭೇದವಾಗಿ ಬೇರೆಯಾಯಿತು. ಉಳಿದ ಚಾರ್ಟಾರಮ್ ಎರಡು ರಾಸಾಯನಿಕ ಬಗೆಯಾಗಿ ಒಡೆಯಿತು. ‘ಎಸ್’ ಬಗೆ ಸಾಟ್ರಾಟಾಕ್ಸಿನ್ ಎಂಬ ತೀವ್ರ ವಿಷ ಮಾಡುತ್ತದೆ, ‘ಎ’ ಬಗೆ ಅಟ್ರನೋನ್ ಎಂಬ ಬೇರೆ ರಾಸಾಯನಿಕ ಮಾಡುತ್ತದೆ. ನೋಟಕ್ಕೆ ಎರಡೂ ಒಂದೇ. ಓದಿ ನೋಡಿದ ಮೂರು ಜೀನ್ ತುಣುಕುಗಳಲ್ಲಿ ಒಂದರಲ್ಲಿ ಇವೆರಡಕ್ಕೂ ವ್ಯತ್ಯಾಸವೇ ಇಲ್ಲ, ಉಳಿದೆರಡರಲ್ಲಿ ತಲಾ ಒಂದು ನ್ಯೂಕ್ಲಿಯೋಟೈಡ್. ಈ ಒಂದಕ್ಷರದ ಅಂತರವನ್ನು ಡಿಎನ್‌ಎ ವಿಧಾನದ ಜಯವೆಂದು ಎತ್ತಿ ಹಿಡಿಯುವವರನ್ನು ಒಪ್ಪಲಾರೆ. ಆ ಅಕ್ಷರ ಬಗೆಯ ಗುರುತಾಗಬಹುದು, ವಿಷಕ್ಕೆ ಕಾರಣವಾಗದು. ಕಾರಣ 2014ರಲ್ಲಿ ಜೀನೋಮುಗಳನ್ನು ಇಡಿಯಾಗಿ ಓದಿದಾಗ ಸಿಕ್ಕಿತು: ಸಾಟ್ರಾಟಾಕ್ಸಿನ್ ಜೀನ್‌ಗಳ ಗುಚ್ಛಗಳು ಒಂದು ಬಗೆಯಲ್ಲಿ, ಅಟ್ರನೋನ್ ಗುಚ್ಛ ಇನ್ನೊಂದರಲ್ಲಿ. ಹಾಗಾದರೆ ಆ ಗುಚ್ಛವನ್ನೇ ಹುಡುಕಿದರಾಯಿತಲ್ಲ ಎಂದರೆ, ‘ಎ’ ಬಗೆಯ ಕೆಲವು ತಳಿಗಳಲ್ಲೂ ಸಾಟ್ರಾಟಾಕ್ಸಿನ್ ಗುಚ್ಛದ ಮೊಟಕಾದ ತುಂಡುಗಳಿವೆ ಎಂದು 2020ರಲ್ಲಿ ಗೊತ್ತಾಯಿತು. ಗುಚ್ಛದ ಯಾವುದೋ ಒಂದು ಜೀನ್ ಸಿಕ್ಕಿದ ಮಾತ್ರಕ್ಕೆ ವಿಷ ಸಿಕ್ಕಂತಲ್ಲ.

ಪ್ರಭೇದದ ಹೆಸರಿಗೆ ಇಷ್ಟು ಮಿತಿಯಿದ್ದರೆ ಇಪಿಎ ವಿಧಾನವೇ ನಿರರ್ಥಕವೇ ಎಂಬ ಆಕ್ಷೇಪ ಬರುತ್ತದೆ. ಇಲ್ಲ, ಈ ಮಾತಿನಲ್ಲಿ ನಾನು ವೆಸ್ಪರ್ ಪಕ್ಷದವನು. ಹೆಸರು ವಿಷವನ್ನು ಹೇಳದಿದ್ದರೂ ನೀರನ್ನು ಹೇಳುತ್ತದೆ. ಸ್ಟ್ಯಾಕಿಬಾಟ್ರಿಸ್ ಬೆಳೆಯಬೇಕಾದರೆ ಕಾಗದ ತೊಯ್ದು ಬಹಳ ದಿನ ಒದ್ದೆಯಾಗಿಯೇ ಇರಬೇಕು. ಈ ಬಗೆಯ ಪರಿಸರ ಜ್ಞಾನದ ಮೇಲೆ 2007ರಲ್ಲಿ ರೂಪುಗೊಂಡದ್ದು ಇಆರ್‌ಎಂಐ ಎಂಬ ಸೂಚ್ಯಂಕ. ಮನೆಯ ಧೂಳನ್ನು ವ್ಯಾಕ್ಯೂಮ್‌ನಿಂದ ಎಳೆದು, ಜರಡಿ ಹಿಡಿದು, 5 ಮಿಲಿಗ್ರಾಂನಷ್ಟನ್ನು ಗಾಜಿನ ಸಣ್ಣ ಮಣಿಗಳ ಜತೆ ಕುಲುಕಿ ಬೀಜಕಗಳನ್ನು ಒಡೆದು ಡಿಎನ್‌ಎ ತೆಗೆಯುತ್ತಾರೆ. 36 ಪ್ರಭೇದಗಳನ್ನು ಎಣಿಸುತ್ತಾರೆ. ನೀರಿನಿಂದ ಹಾಳಾದ ಮನೆಗಳಲ್ಲಿ ಹೆಚ್ಚು ಸಿಗುವ 26ರ ಲಾಗರಿದಮ್ ಮೊತ್ತದಿಂದ, ಎಲ್ಲೆಡೆ ಇರುವ 10ರ ಮೊತ್ತವನ್ನು ಕಳೆಯುತ್ತಾರೆ. ಅಗರ್ ತಟ್ಟೆಯಲ್ಲಿ ಬೇಗ ಬೆಳೆಯುವ ಬೂಸ್ಟುಗಳು ನಿಧಾನದ ಸ್ಟ್ಯಾಕಿಬಾಟ್ರಿಸನ್ನು ಮುಚ್ಚಿಬಿಡುತ್ತಿದ್ದ ತೊಂದರೆ ಇಲ್ಲಿಲ್ಲ, ಸತ್ತ ಬೀಜಕವೂ ಎಣಿಕೆಗೆ ಬರುತ್ತದೆ. ಇದನ್ನು ಮನೆಯ ತೇವದ ಚರಿತ್ರೆಯೆಂದು ಓದಿದರೆ ಬಹಳ ಒಳ್ಳೆಯ ಹತ್ಯಾರು. ವಿಷದ ಅಳತೆಯೆಂದು, ಕಾಯಿಲೆಯ ಭವಿಷ್ಯವೆಂದು ಓದಿದಾಗ ಕ್ಲೀವ್‌ಲೆಂಡಿನ ಹಳೆಯ ತಪ್ಪೇ ಮರುಕಳಿಸುತ್ತದೆ. 2013ರ ಆಗಸ್ಟ್‌ನಲ್ಲಿ ಇಪಿಎಯ ಇನ್‌ಸ್ಪೆಕ್ಟರ್ ಜನರಲ್ ವರದಿ ಹೇಳಿದ್ದು ಈ ಮಿತಿಯನ್ನೇ: ಇದು ಸಂಶೋಧನೆಗೆಂದು ಮಾಡಿದ ಸಾಧನ, ಸಾರ್ವಜನಿಕರು ಇದರ ಆಧಾರದಲ್ಲಿ ಮನೆ ಸ್ವಚ್ಛ ಮಾಡಿಸುವ ತೀರ್ಮಾನಕ್ಕೆ ಹೋಗುತ್ತಿರಬಹುದು, ಆ ಬಳಕೆಗೆ ಇದು ಪ್ರಮಾಣಿತವಾಗಿಲ್ಲ. ಡಿಎನ್‌ಎ ಗುರುತೇ ಸುಳ್ಳೆಂದು ವರದಿ ತೀರ್ಪು ಕೊಟ್ಟಿತು ಎನ್ನುವವರು ಅದರ ಶೀರ್ಷಿಕೆಯನ್ನೂ ಸರಿಯಾಗಿ ಓದಿಲ್ಲ.

ಈ ಸೂಚ್ಯಂಕದ ಮಾಪನಪಟ್ಟಿ ಅಮೆರಿಕದ 1,096 ಮನೆಗಳ ಧೂಳಿನಿಂದ ಬಂದದ್ದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆ ಬೆವರುವ ಮಲೆನಾಡಿನ, ಕರಾವಳಿಯ ಮನೆಗಳಿಗೆ, ಜಿಪ್ಸಮ್ ಹಲಗೆಯೇ ಇಲ್ಲದ ನಮ್ಮ ಇಟ್ಟಿಗೆ, ಕೆಂಪು ಕಲ್ಲಿನ ಗೋಡೆಗಳಿಗೆ ಅದನ್ನು ಹಾಗೆಯೇ ಹಚ್ಚಲು ಬರುವುದಿಲ್ಲ. ಇಲ್ಲಿ ಇಂಥ ಪರೀಕ್ಷೆ ಶುರುಮಾಡುವವರು ಮೊದಲು ನಮ್ಮ ಮನೆಗಳ ಧೂಳಿನದೇ ಮಾಪನಪಟ್ಟಿ ಕಟ್ಟಬೇಕು. ವರದಿಯಲ್ಲಿ ಪ್ರಭೇದದ ಹೆಸರಿನ ಪಕ್ಕದಲ್ಲಿ, ವಿಷವನ್ನು ಪರೀಕ್ಷಿಸಿದ್ದೇವೆಯೇ ಇಲ್ಲವೇ ಎಂಬ ಒಂದು ಸಾಲನ್ನು ತಪ್ಪದೆ ಬರೆಯಬೇಕು.