ನಿಧಾನ ಸೈಟಿನ ಜಾತಕ

ಬೇರೆಯವರು ಕಟ್ಟಿದ ವೆಬ್‌ಸೈಟು ಕೈಗೆ ಬಂದರೆ ನಾವು ಮೊದಲು ಮಾಡುವ ಕೆಲಸ, ಕಟ್ಟಿದವರನ್ನು ಬೈಯುವುದು! 2009ರಲ್ಲಿ ಹುಟ್ಟಿ ನನ್ನ ಪಾಲಿಗೆ ಬಂದ ವರ್ಡ್‌ಪ್ರೆಸ್ ಸೈಟೊಂದು, ಓದುಗರು ಹೆಚ್ಚಾದರೆ ಸಾಕು, ತೆವಳುತ್ತಿತ್ತು. ನಿಧಾನ ಕ್ವೆರಿಗಳ ಲಾಗ್ ನೋಡಿದರೆ ಖಾಲಿ. ಬೀಗಕ್ಕಾಗಿ ಕಾದ ಸಮಯವನ್ನು ಅದು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಆ ಕ್ಷಣ ಓಡುತ್ತಿರುವ ಕ್ವೆರಿಗಳ ಪಟ್ಟಿ ತೆಗೆದಾಗ ಗುಟ್ಟು ರಟ್ಟಾಯ್ತು: ಎಲ್ಲವೂ ಒಂದೇ ಟೇಬಲ್ಲಿನ ಮುಂದೆ ಸಾಲುಗಟ್ಟಿ ನಿಂತಿದ್ದವು.

ಅದು ಮೈಐಸ್ಯಾಮ್ ಟೇಬಲ್. ಅದರಲ್ಲಿ ಒಂದು ಸಾಲು ತಿದ್ದಿದರೂ ಇಡೀ ಟೇಬಲ್ಲಿಗೆ ಬೀಗ. ಓದುಗರನ್ನು ಎಣಿಸುವ ಪ್ಲಗ್‌ಇನ್ ಪ್ರತಿ ಸಲ ಪುಟ ತೆರೆದಾಗಲೂ ಅಲ್ಲೇ ಬರೆಯುತ್ತಿತ್ತು.

ಅವರು ಇದನ್ನೇ ಯಾಕೆ ಇಟ್ಟುಕೊಂಡರು ಅಂತೀರಾ? 2010ರಲ್ಲಿ ಮೈಎಸ್‌ಕ್ಯೂಎಲ್ 5.5 ಬರುವವರೆಗೆ ಸಾಮಾನ್ಯವಾಗಿ ತಾನಾಗಿ ಸಿಗುತ್ತಿದ್ದುದೇ ಮೈಐಸ್ಯಾಮ್. ಸಾಲಿಗಷ್ಟೇ ಬೀಗ ಹಾಕುವ ಇನ್ನೋಡಿಬಿ ಆಗಲೂ ಇತ್ತು, ನಿಜ. ಆದರೆ ಅದಕ್ಕೆ ಫುಲ್‌ಟೆಕ್ಸ್ಟ್ ಹುಡುಕಾಟ ಬಂದದ್ದು 2013ರ 5.6ರಲ್ಲಿ. ಈ ಸೈಟಿನ 'ಸಂಬಂಧಿಸಿದ ಬರಹಗಳು' ಪಟ್ಟಿ ನಿಂತಿದ್ದು ಆ ಹುಡುಕಾಟದ ಮೇಲೆಯೇ! ಅವರ ಕಾಲಕ್ಕೆ ಅವರು ಮಾಡಿದ್ದು ಸರಿ. ಮುಂದೆ ಡೇಟಾಬೇಸ್ ಹೊಸದಾದರೂ ಹಳೇ ಟೇಬಲ್ ತಾನಾಗಿ ಬದಲಾಗಲ್ಲ, ಅಷ್ಟೇ.

ಬ್ಯಾಕಪ್ ತೆಗೆದು ಟೇಬಲ್ಲನ್ನು ಇನ್ನೋಡಿಬಿಗೆ ಬದಲಿಸಿದೆ. ಓದುವವರು ಬರೆಯುವವರಿಗಾಗಿ ಕಾಯುವುದು ನಿಂತಿತು.

ಹಳೇ ಕೋಡನ್ನು ಬೈಯೋ ಮುಂಚೆ ಅದರ ಇಸವಿ ಕೇಳಿ ಸ್ವಾಮಿ!