ಮೋಟಾರ್‌ಸೈಕಲ್ ಫೋರ್ಕ್ ಸೋರಿಕೆ

ಮೋಟಾರ್‌ಸೈಕಲ್‌ನ ಮುಂಚಕ್ರವನ್ನು ಎರಡೂ ಬದಿಯಿಂದ ಹಿಡಿದಿರುವ ಜೋಡಿ ಕೊಳವೆಗಳಿಗೆ ಫೋರ್ಕ್ ಎಂದು ಹೆಸರು. ಅದರೊಳಗಿನ ಎಣ್ಣೆ ಸೀಲನ್ನು ದಾಟಿ ಹೊರಬರುವ ದೋಷವೇ ಫೋರ್ಕ್ ಸೋರಿಕೆ. ಗ್ಯಾರೇಜಿನ ಮಾತಿನಲ್ಲಿ ಇದು ‘ಶಾಕಪ್ ಲೀಕ್’. ಮುಂಬೈಯ ಉತ್ತರ ತುದಿಯ ಉಪನಗರ ದಹಿಸರ್‌ನಲ್ಲಿ ಉಪ್ಪು ಗಾಳಿ, ದೀರ್ಘ ಮಳೆಗಾಲ ಮತ್ತು ಹೆದ್ದಾರಿಯ ಧೂಳು ಒಟ್ಟಿಗೆ ಸೇರುವುದರಿಂದ ಈ ದೋಷಕ್ಕೆ ಬೇಕಾದ ಕಾರಣಗಳೆಲ್ಲ ಅಲ್ಲಿವೆ. ಕರ್ನಾಟಕದ ಕರಾವಳಿಗೂ ಇದೇ ಮಾತು ಅನ್ವಯಿಸುತ್ತದೆ. ಸೋರುವುದು ಸೀಲಿನ ಬಳಿಯಾದರೂ ಮೂಲ ಕಾರಣ ಎಷ್ಟೋ ವೇಳೆ ಕೊಳವೆಯ ಮೇಲಿನ ತುಕ್ಕಿನ ಚುಕ್ಕೆ ಅಥವಾ ಸವೆದ ಬುಷ್ ಆಗಿರುತ್ತದೆ.

ರಚನೆ ಮತ್ತು ಕೆಲಸ

ಫೋರ್ಕಿನ ಪ್ರತಿ ಕಾಲಿನಲ್ಲೂ ಒಂದರೊಳಗೊಂದು ಜಾರುವ ಎರಡು ಕೊಳವೆಗಳಿವೆ. ಕ್ರೋಮ್ ಲೇಪಿಸಿದ ಉಕ್ಕಿನ ಒಳಕೊಳವೆಯನ್ನು ಮೆಕ್ಯಾನಿಕರು ‘ಪೈಪ್’ ಎನ್ನುತ್ತಾರೆ. ಅಲ್ಯೂಮಿನಿಯಂ ಎರಕದ ಹೊರಕೊಳವೆ ‘ಬಾಟಮ್ ಕೇಸ್’. ಒಳಗೆ ಸ್ಪ್ರಿಂಗ್, ರಂಧ್ರಗಳಿರುವ ಡ್ಯಾಂಪರ್ ಕಡ್ಡಿ ಮತ್ತು ಎಣ್ಣೆ ಇರುತ್ತವೆ. ಚಕ್ರ ಗುಂಡಿಗೆ ಬಿದ್ದಾಗ ಭಾರವನ್ನು ಸ್ಪ್ರಿಂಗ್ ತಾಳಿಕೊಳ್ಳುತ್ತದೆ. ಎಣ್ಣೆ ಸಣ್ಣ ರಂಧ್ರಗಳಲ್ಲಿ ನುಗ್ಗಿ ಹೋಗುವಾಗ ಹುಟ್ಟುವ ತಡೆ ಆ ಸ್ಪ್ರಿಂಗಿನ ಕುಣಿತವನ್ನು ಅಡಗಿಸುತ್ತದೆ. ಎಣ್ಣೆಯ ಮೇಲೆ ಉಳಿದ ಗಾಳಿಯೂ ಒತ್ತಿದಷ್ಟೂ ಬಿಗಿಯಾಗುವ ಇನ್ನೊಂದು ಸ್ಪ್ರಿಂಗಿನಂತೆ ವರ್ತಿಸುತ್ತದೆ.

ಎರಡು ಕೊಳವೆಗಳು ಕೂಡುವಲ್ಲಿ ಹೊರಗಿನಿಂದ ಮೊದಲು ಡಸ್ಟ್ ಸೀಲ್, ಅದರ ಕೆಳಗೆ ಸೀಲನ್ನು ಹಿಡಿದಿಡುವ ಸರ್ಕ್ಲಿಪ್, ಅದರ ಕೆಳಗೆ ಆಯಿಲ್ ಸೀಲ್, ಮತ್ತೂ ಒಳಗೆ ಕೊಳವೆಯನ್ನು ನೇರವಾಗಿ ಜಾರಿಸುವ ಬುಷ್ ಇರುತ್ತವೆ. ಆಯಿಲ್ ಸೀಲು ಸಾಮಾನ್ಯವಾಗಿ ನೈಟ್ರೈಲ್ ರಬ್ಬರಿನದು. ಅದರ ತೆಳು ಅಂಚನ್ನು ಒಂದು ಸಣ್ಣ ಉಂಗುರ ಸ್ಪ್ರಿಂಗ್ ಕೊಳವೆಗೆ ಒತ್ತಿ ಹಿಡಿಯುತ್ತದೆ.

ಎಣ್ಣೆ ಕಡಿಮೆಯಾದರೆ ಬ್ರೇಕ್ ಹಿಡಿದಾಗ ಮುಂಭಾಗ ಹೆಚ್ಚು ಕುಸಿಯುತ್ತದೆ, ಚಕ್ರ ರಸ್ತೆಯ ಮೇಲೆ ಪುಟಿಯುತ್ತದೆ. ಡಿಸ್ಕ್ ಬ್ರೇಕ್ ಇರುವ ವಾಹನದಲ್ಲಿ ಇದಕ್ಕಿಂತ ದೊಡ್ಡ ಅಪಾಯವೆಂದರೆ ಕಾಲಿನಿಂದ ಇಳಿದ ಎಣ್ಣೆ ಡಿಸ್ಕ್ ಮತ್ತು ಪ್ಯಾಡಿಗೆ ತಗಲುವುದು. ಆಗ ಬ್ರೇಕ್ ಹಿಡಿಯುವುದಿಲ್ಲ.

ಇತಿಹಾಸ

ಇಂಗ್ಲೆಂಡಿನ ಸ್ಕಾಟ್ ಮೋಟಾರ್‌ಸೈಕಲ್‌ನಲ್ಲಿ 1908ರಷ್ಟು ಹಿಂದೆಯೇ ಜಾರುಕೊಳವೆಯ ಫೋರ್ಕ್ ಇತ್ತು. ಆದರೆ ಅದಕ್ಕೆ ಎಣ್ಣೆಯ ತಡೆ ಇರಲಿಲ್ಲ. ಎಣ್ಣೆಯಿಂದ ಅದುಮುವ ಟೆಲಿಸ್ಕೋಪಿಕ್ (ಜಾರುಕೊಳವೆಯ) ಫೋರ್ಕನ್ನು ಕಾರ್ಖಾನೆಯ ಉತ್ಪಾದನೆಗೆ ತಂದದ್ದು ಜರ್ಮನಿಯ ಬಿಎಂಡಬ್ಲ್ಯು, 1935ರ ಆರ್12 ಮತ್ತು ಆರ್17 ಮಾದರಿಗಳಲ್ಲಿ. ಎರಡನೆಯ ಮಹಾಯುದ್ಧದ ನಂತರ ಜಾರುಕೊಳವೆಯಿಲ್ಲದ ಹಳೆಯ ಗರ್ಡರ್ ಫೋರ್ಕ್ ಮರೆಯಾಗಿ ಈ ಬಗೆಯೇ ರೂಢಿಗೆ ಬಂತು.

ಭಾರತದಲ್ಲಿ 1955ರಿಂದ ಮದ್ರಾಸಿನಲ್ಲಿ ತಯಾರಾದ ರಾಯಲ್ ಎನ್‌ಫೀಲ್ಡ್ ಬುಲೆಟ್, 1960ರ ದಶಕದ ಆರಂಭದಿಂದ 1996ರವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ತಯಾರಿಸಿದ ಜಾವಾ ಮತ್ತು ಯೆಜ್ದಿ ಮೋಟಾರ್‌ಸೈಕಲ್‌ಗಳು ಎರಡು ತಲೆಮಾರಿನ ಮೆಕ್ಯಾನಿಕರಿಗೆ ಫೋರ್ಕ್ ಬಿಚ್ಚುವುದನ್ನು ಕಲಿಸಿದವು. ಶಾಕ್ ಅಬ್ಸಾರ್ಬರ್ ಮತ್ತು ಫೋರ್ಕ್ ತಯಾರಿಸುವ ಗೇಬ್ರಿಯಲ್ ಇಂಡಿಯಾ ಕಂಪನಿ 1961ರಲ್ಲಿ ಶುರುವಾದದ್ದು ಮುಂಬೈಯ ಮುಲುಂಡಿನಲ್ಲಿ. 1980ರ ದಶಕದ ನಡುವಿನಲ್ಲಿ ಜಪಾನಿನ ಸಹಯೋಗದ 100 ಸಿಸಿ ಬೈಕುಗಳು ಬಂದು ತೆಳು ಕೊಳವೆಯ ಹಗುರ ಫೋರ್ಕನ್ನು ಮನೆಮನೆಗೂ ತಲುಪಿಸಿದವು. ಸ್ಕೂಟರುಗಳು ಬಹುಕಾಲ ಬೇರೆ ಬಗೆಯ ಮುಂಗಾಲನ್ನೇ ಇಟ್ಟುಕೊಂಡಿದ್ದವು. ಹೋಂಡಾ ಆ್ಯಕ್ಟಿವಾದ 110 ಸಿಸಿ ಮಾದರಿ ಟೆಲಿಸ್ಕೋಪಿಕ್ ಫೋರ್ಕಿಗೆ ಬಂದದ್ದು 2020ರಲ್ಲಿ. ಹೀಗಾಗಿ ಸೀಲು ಸೋರುವ ತೊಂದರೆ ಈಗ ಸ್ಕೂಟರಿಗೂ ಬಂದಿದೆ.

ಹೊರಕೊಳವೆ ಮೇಲೆ, ಕ್ರೋಮ್ ಕೊಳವೆ ಕೆಳಗೆ ಇರುವ ತಲೆಕೆಳಗಾದ ಫೋರ್ಕನ್ನು ಭಾರತದ ಯುವಕರಿಗೆ ಪರಿಚಯಿಸಿದ್ದರಲ್ಲಿ 2013ರ ಕೆಟಿಎಂ 390 ಡ್ಯೂಕ್ ಮುಖ್ಯವಾದುದು. ಅದರ ಡಬ್ಲ್ಯುಪಿ ಕಂಪನಿಯ ಫೋರ್ಕಿನ ವ್ಯಾಸ 43 ಮಿ.ಮೀ. ಈ ಬಗೆಯಲ್ಲಿ ಸೀಲು ಕೆಳಮುಖವಾಗಿರುವುದರಿಂದ ಸೋರಿದ ಎಣ್ಣೆ ತಡೆಯಿಲ್ಲದೆ ಆ್ಯಕ್ಸಲ್ ಮತ್ತು ಬ್ರೇಕ್ ಕ್ಯಾಲಿಪರ್ ಕಡೆಗೆ ಇಳಿಯುತ್ತದೆ.

ದಹಿಸರ್‌ನ ಪರಿಸ್ಥಿತಿ

ದಹಿಸರ್ ಮುಂಬೈ ಉಪನಗರ ಜಿಲ್ಲೆಗೆ ಸೇರಿದ್ದು, ಬೃಹನ್ಮುಂಬೈ ಮಹಾನಗರ ಪಾಲಿಕೆಯ ಆರ್ ಉತ್ತರ ವಾರ್ಡಿನಲ್ಲಿದೆ. ಅದರಾಚೆಗೆ ಠಾಣೆ ಜಿಲ್ಲೆಯ ಮೀರಾ–ಭಾಯಂದರ್. ವೆಸ್ಟರ್ನ್ ಎಕ್ಸ್‌ಪ್ರೆಸ್ ಹೆದ್ದಾರಿ ದಹಿಸರ್ ನಾಕಾ ದಾಟಿ ಅಹಮದಾಬಾದಿನತ್ತ ಸಾಗುತ್ತದೆ. ಮೀರಾ ರೋಡ್, ವಸಾಯಿ ಕಡೆಯಿಂದ ನಗರದೊಳಗೆ ದುಡಿಯಲು ಬರುವವರ ದ್ವಿಚಕ್ರ ವಾಹನಗಳೂ ಇದೇ ದಾರಿ ಹಿಡಿಯುತ್ತವೆ. ದಹಿಸರ್ ಪೂರ್ವದಿಂದ ಹೊರಡುವ ಮೆಟ್ರೋ 2ಎ ಮತ್ತು 7ನೇ ಮಾರ್ಗಗಳ ಮೊದಲ ಹಂತ 2022ರ ಏಪ್ರಿಲ್ 2ರಂದು ಆರಂಭವಾಯಿತು. ಅದಕ್ಕೆ ಮುನ್ನ ವರ್ಷಗಟ್ಟಲೆ ಲಿಂಕ್ ರೋಡ್ ಮತ್ತು ಹೆದ್ದಾರಿಯ ಉದ್ದಕ್ಕೂ ಕಾಮಗಾರಿ ನಡೆದಿತ್ತು. ಅಗೆದ ರಸ್ತೆಯ ಸಿಮೆಂಟ್ ಧೂಳು ಡಸ್ಟ್ ಸೀಲಿನ ಅಂಚಿನಲ್ಲಿ ಕೂತು ಕ್ರೋಮನ್ನು ಉಜ್ಜುತ್ತದೆ. ಗುಂಡಿಗಳ ಹೊಡೆತ ಬುಷ್‌ಗಳನ್ನು ಸವೆಸುತ್ತದೆ.

ಪಶ್ಚಿಮಕ್ಕೆ ಮನೋರಿ ಖಾರಿ ಮತ್ತು ಕಾಂಡ್ಲಾ ಕಾಡು, ಪೂರ್ವಕ್ಕೆ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನ. ಉದ್ಯಾನದ ತುಳಸಿ ಕೆರೆಯ ಕಡೆಯಿಂದ ಹುಟ್ಟುವ ದಹಿಸರ್ ನದಿ ಬಡಾವಣೆಗಳ ನಡುವೆ ಹರಿದು ಖಾರಿ ಸೇರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆ ಮುಂಬೈ ಉಪನಗರದಲ್ಲಿ ಸಾಮಾನ್ಯವಾಗಿ 2,000 ಮಿ.ಮೀ. ಮೀರುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜ್ ಕೇಂದ್ರದಲ್ಲಿ ಒಂದೇ ದಿನ 944 ಮಿ.ಮೀ. ದಾಖಲಾದಾಗ ಮಿಠಿ ನದಿಯಂತೆ ದಹಿಸರ್ ನದಿಯೂ ಉಕ್ಕಿತ್ತು. ಕೆಸರುನೀರಿನಲ್ಲಿ ಮುಳುಗಿ ನಿಂತ ವಾಹನದ ಫೋರ್ಕಿಗೆ ನೀರು ಇಳಿದರೆ ಎಣ್ಣೆ ಹಾಲು ಬೆರೆತಂತೆ ಬೆಳ್ಳಗಾಗುತ್ತದೆ. ಅಂಥ ಎಣ್ಣೆಯನ್ನು ತಡಮಾಡದೆ ತೆಗೆಯದಿದ್ದರೆ ಸ್ಪ್ರಿಂಗ್ ಮತ್ತು ಕೊಳವೆಯ ಒಳಮೈ ತುಕ್ಕು ಹಿಡಿಯುತ್ತವೆ.

ಮಳೆಗಾಲವಿಡೀ ಕಟ್ಟಡದ ಕೆಳಗೆ ಅಲುಗದೆ ನಿಂತ ಬೈಕಿನ ತೊಂದರೆ ಬೇರೆ. ಓಡುವ ಬೈಕಿನ ಕೊಳವೆಗೆ ಸೀಲು ತೆಳುವಾಗಿ ಎಣ್ಣೆ ಸವರುತ್ತಿರುತ್ತದೆ. ನಿಂತ ಬೈಕಿಗೆ ಆ ರಕ್ಷಣೆ ಇಲ್ಲ. ಉಪ್ಪಿನ ತೇವ ಕ್ರೋಮಿನ ಸೂಕ್ಷ್ಮ ಬಿರುಕಿನೊಳಗೆ ಇಳಿದು ಕೆಳಗಿನ ಉಕ್ಕನ್ನು ತಿನ್ನುತ್ತದೆ. ಮೇಲೆ ಕಾಣುವುದು ಸೂಜಿಮೊನೆಯಷ್ಟು ಕಂದು ಚುಕ್ಕೆ, ಆದರೆ ಅದರ ಹರಿತ ಅಂಚು ಸೀಲಿನ ತುಟಿಯನ್ನು ಪ್ರತಿ ಜಾರುವಿಕೆಯಲ್ಲೂ ಕೊಯ್ಯುತ್ತದೆ. ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ಮಂಗಳೂರು, ಉಡುಪಿಗಳಲ್ಲೂ ಹೀಗೆಯೇ. ಮುಂಬೈ ಬಿಟ್ಟು ಊರಿಗೆ ಮರಳುವ ಕನ್ನಡ ಮತ್ತು ತುಳು ಕುಟುಂಬಗಳು ಕೊಂಕಣ ರೈಲಿನ ಪಾರ್ಸೆಲ್‌ನಲ್ಲಿ ಬೈಕನ್ನು ಒಯ್ದರೂ ಅದು ಒಂದು ಕರಾವಳಿಯಿಂದ ಇನ್ನೊಂದು ಕರಾವಳಿಗೇ ಸೇರುತ್ತದೆ.

ಪತ್ತೆ

ಕೊಳವೆಯ ಮೇಲೆ ಎಣ್ಣೆಯ ಉಂಗುರ, ಅದಕ್ಕೆ ಮೆತ್ತಿದ ಕಪ್ಪು ಧೂಳು ಮೊದಲ ಗುರುತು. ಮುಂಬ್ರೇಕ್ ಹಿಡಿದು ಹ್ಯಾಂಡಲನ್ನು ಕೆಲವು ಸಲ ಒತ್ತಿ ಬಿಟ್ಟರೆ ಹೊಸ ಎಣ್ಣೆ ಕಾಣುತ್ತದೆ. ಎಣ್ಣೆ ಎಲ್ಲಿಂದ ಬರುತ್ತಿದೆ ಎಂಬುದನ್ನು ಬೇರ್ಪಡಿಸಿ ನೋಡಬೇಕು. ಮೇಲಿನ ಸೀಲು ಒಣಗಿದ್ದು ಕಾಲಿನ ತುದಿಯಲ್ಲಿ ಮಾತ್ರ ತೊಟ್ಟಿಕ್ಕುತ್ತಿದ್ದರೆ ದೋಷ ಸೀಲಿನದಲ್ಲ, ತಳದ ಆ್ಯಲನ್ ಬೋಲ್ಟಿನ ತಾಮ್ರದ ವಾಷರ್ ಅಥವಾ ಡ್ರೇನ್ ತಿರುಪಿನದು. ರಬ್ಬರ್ ಬೂಟು ಹೊದಿಸಿದ ಬೈಕುಗಳಲ್ಲಿ ಬೂಟನ್ನು ಎತ್ತದೆ ಸೋರಿಕೆ ತಿಳಿಯುವುದಿಲ್ಲ.

ಕೊಳವೆಯ ಉದ್ದಕ್ಕೂ ಉಗುರಿನ ತುದಿ ಆಡಿಸಿದರೆ ಚುಕ್ಕೆ, ಗೀರು ತಗಲುತ್ತವೆ. ಚಕ್ರವನ್ನು ಎತ್ತಿ ನಿಲ್ಲಿಸಿ ಕಾಲುಗಳ ಕೆಳತುದಿಯನ್ನು ಹಿಂದೆ ಮುಂದೆ ಎಳೆದಾಗ ಅಲುಗಾಟ ಕಂಡರೆ ಬುಷ್ ಸವೆದಿದೆ ಅಥವಾ ಸ್ಟೀರಿಂಗಿನ ಕೋನ್ ಸೆಟ್ (ಬೇರಿಂಗ್) ಸಡಿಲವಾಗಿದೆ. ಇವೆರಡರಲ್ಲಿ ಯಾವುದೆಂದು ಗುರುತಿಸಿದ ಮೇಲೆಯೇ ಸಾಮಾನು ತರುವುದು ಸರಿ. ಎಣ್ಣೆಯನ್ನು ಅಳತೆ ಮೀರಿ ತುಂಬಿದ್ದರೂ ಒಳಗಿನ ಗಾಳಿಯ ಒತ್ತಡ ಏರಿ ಒಳ್ಳೆಯ ಸೀಲೂ ಸೋರಬಹುದು.

ದುರಸ್ತಿ

ಸೀಲಿನ ತುಟಿಯಡಿ ಬರೀ ಧೂಳಿನ ಕಣ ಸಿಕ್ಕಿದ್ದರೆ ಫೋರ್ಕ್ ಬಿಚ್ಚಬೇಕಾಗಿಲ್ಲ. ಡಸ್ಟ್ ಸೀಲನ್ನು ಎಬ್ಬಿಸಿ, ಹಳೆಯ ಫೋಟೋ ಫಿಲ್ಮಿನಂಥ ತೆಳು ಪ್ಲಾಸ್ಟಿಕ್ ಪಟ್ಟಿಯನ್ನು ಸೀಲಿನೊಳಗೆ ತೂರಿಸಿ ಸುತ್ತಲೂ ಆಡಿಸಿದರೆ ಕಣ ಹೊರಬರುತ್ತದೆ. ಇಷ್ಟಕ್ಕೆ ಸೋರಿಕೆ ನಿಲ್ಲದಿದ್ದರೆ ಸೀಲು ಬದಲಿಸಬೇಕು. ಒಂದೇ ಕಾಲು ಸೋರುತ್ತಿದ್ದರೂ ಎರಡಕ್ಕೂ ಹೊಸ ಸೀಲು ಮತ್ತು ಎಣ್ಣೆ ಹಾಕುವುದು ಕ್ರಮ. ಇಲ್ಲದಿದ್ದರೆ ಎರಡು ಕಾಲುಗಳ ಅದುಮುವಿಕೆ ಸಮನಾಗುವುದಿಲ್ಲ.

ಬೈಕನ್ನು ಸೆಂಟರ್ ಸ್ಟ್ಯಾಂಡ್ ಅಥವಾ ಜಾಕಿನ ಮೇಲೆ ಭದ್ರವಾಗಿ ನಿಲ್ಲಿಸಿ, ಕಾಲುಗಳು ಕ್ಲಾಂಪಿನಲ್ಲಿ ಬಿಗಿಯಾಗಿರುವಾಗಲೇ ಮೇಲಿನ ಮುಚ್ಚಳಗಳನ್ನು ತುಸು ಸಡಿಲಿಸಬೇಕು. ನಂತರ ಕ್ಯಾಲಿಪರ್, ಚಕ್ರ, ಮಡ್‌ಗಾರ್ಡ್ ತೆಗೆಯಬೇಕು. ಕ್ಯಾಲಿಪರನ್ನು ಅದರ ಹೋಸಿನಲ್ಲಿ ನೇತುಬಿಡದೆ ತಂತಿಯಿಂದ ಕಟ್ಟಬೇಕು. ಸ್ಪ್ರಿಂಗಿನ ಒತ್ತಡದಲ್ಲಿರುವ ಮುಚ್ಚಳ ಹಾರಿ ಮುಖಕ್ಕೆ ಬಡಿಯದಂತೆ ಕೈಯಿಂದ ಅದುಮಿಕೊಂಡು ಬಿಚ್ಚಿ, ಸ್ಪ್ರಿಂಗ್ ತೆಗೆದು, ಹಳೆಯ ಎಣ್ಣೆಯನ್ನು ಒತ್ತಿ ಒತ್ತಿ ಸುರಿಸಬೇಕು. ತಳದ ಬೋಲ್ಟ್, ಡಸ್ಟ್ ಸೀಲ್, ಸರ್ಕ್ಲಿಪ್ ಬಿಚ್ಚಿದ ಮೇಲೆ ಕೊಳವೆಯನ್ನು ಜೋರಾಗಿ ಎಳೆದರೆ, ಬುಷ್ ತಡೆದು ಎಳೆಯುವ ವಿನ್ಯಾಸಗಳಲ್ಲಿ ಹಳೆಯ ಸೀಲೂ ಬರುತ್ತದೆ. ಉಳಿದವುಗಳಲ್ಲಿ ಸೀಲನ್ನು ಮೀಟಿ ತೆಗೆಯಬೇಕು. ಆಗ ಬಾಟಮ್ ಕೇಸಿನ ಒಳ ಅಂಚಿಗೆ ಗೀರು ಬಿದ್ದರೆ ಹೊಸ ಸೀಲು ಹೊರಸುತ್ತಿನಲ್ಲಿ ಸೋರುತ್ತದೆ.

ದುರಸ್ತಿ ಬಾಳುವುದೋ ಇಲ್ಲವೋ ಎಂಬುದು ಕೊಳವೆಯ ಪರೀಕ್ಷೆಯಲ್ಲಿ ತೀರ್ಮಾನವಾಗುತ್ತದೆ. ವಿ-ಬ್ಲಾಕಿನ ಮೇಲಿಟ್ಟು ಡಯಲ್ ಗೇಜ್ ಹಿಡಿದು ಉರುಳಿಸಿದಾಗ ಬಾಗು ಎಷ್ಟೆಂದು ತಿಳಿಯುತ್ತದೆ. ಹಲವು ಕೈಪಿಡಿಗಳಲ್ಲಿ ಇದರ ಮಿತಿ 0.2 ಮಿ.ಮೀ. ಸೀಲು ಜಾರುವ ಭಾಗಕ್ಕಿಂತ ಮೇಲೆ, ಕ್ಲಾಂಪಿನ ಹತ್ತಿರ ಇರುವ ಚುಕ್ಕೆಗಳಿಂದ ಸೋರಿಕೆ ಆಗದು. ಜಾರುವ ಭಾಗದಲ್ಲಿ ಒಂದೆರಡು ಸಣ್ಣ ಚುಕ್ಕೆಗಳಿದ್ದರೆ ನಯವಾದ ಉಪ್ಪುಕಾಗದದಿಂದ ಹರಿತ ಅಂಚನ್ನು ತೆಗೆದು, ಗುಳಿಯನ್ನು ಎಪಾಕ್ಸಿಯಿಂದ ತುಂಬಿ ಮತ್ತೆ ನುಣುಪು ಮಾಡುವುದುಂಟು. ಚುಕ್ಕೆಗಳು ಹರಡಿದ್ದರೆ ಇರುವ ದಾರಿ ಎರಡೇ: ಹಳೆಯ ಕ್ರೋಮ್ ಕಿತ್ತು ಹೊಸದಾಗಿ ಹಾರ್ಡ್ ಕ್ರೋಮ್ ಮಾಡಿಸಿ ಅಳತೆಗೆ ಗ್ರೈಂಡ್ ಮಾಡಿಸುವುದು, ಅಥವಾ ಹೊಸ ಕೊಳವೆ ಹಾಕುವುದು. ತಯಾರಿಕೆ ನಿಂತ ಹಳೆಯ ಯೆಜ್ದಿ ಮಾದರಿಗಳಂಥ ಬೈಕುಗಳಿಗೆ ಮೊದಲನೆಯದು ಅನಿವಾರ್ಯವಾಗುವುದುಂಟು. ಬಿಡಿಭಾಗಗಳಿಗೆ ಮುಂಬೈಯಲ್ಲಿ ಕುರ್ಲಾದ ಸಿಎಸ್‌ಟಿ ರಸ್ತೆ, ಬೆಂಗಳೂರಿನಲ್ಲಿ ಜೆ.ಸಿ. ರಸ್ತೆ ಹೆಸರಾಗಿವೆ.

ಹೊಸ ಸೀಲಿಗೆ ಫೋರ್ಕ್ ಎಣ್ಣೆ ಸವರಿ, ಕೊಳವೆಯ ಮೇಲಂಚಿಗೆ ಪ್ಲಾಸ್ಟಿಕ್ ಹಾಳೆ ಸುತ್ತಿ, ಅಕ್ಷರವಿರುವ ಮೈ ಹೊರಗೆ ಕಾಣುವಂತೆ ಇಳಿಸಬೇಕು. ಸೀಲ್ ಡ್ರೈವರ್ ಇಲ್ಲದಿದ್ದರೆ ಹಳೆಯ ಸೀಲನ್ನು ಮೇಲಿಟ್ಟು, ಸರಿಯಾದ ವ್ಯಾಸದ ಪಿವಿಸಿ ಪೈಪಿನಿಂದ ಸರ್ಕ್ಲಿಪ್ಪಿನ ಕೊರೆ ಕಾಣುವವರೆಗೆ ಸಮವಾಗಿ ತಟ್ಟಬಹುದು. ತಾಮ್ರದ ವಾಷರ್ ಹೊಸದಿರಬೇಕು. ಎಣ್ಣೆಯ ಪ್ರಮಾಣ ಮತ್ತು ದರ್ಜೆಗೆ ಆಯಾ ಮಾದರಿಯ ಕೈಪಿಡಿಯೇ ಆಧಾರ. ಮಟ್ಟವನ್ನು ಅಳೆಯುವುದು ಸಾಮಾನ್ಯವಾಗಿ ಸ್ಪ್ರಿಂಗ್ ತೆಗೆದು, ಕಾಲನ್ನು ಪೂರ್ತಿ ಒತ್ತಿ, ಗಾಳಿ ಹೋಗುವಂತೆ ಕೆಲವು ಸಲ ಆಡಿಸಿದ ಮೇಲೆ. ಎಂಜಿನ್ ಎಣ್ಣೆ ಸುರಿಯುವ ರೂಢಿ ಸರಿಯಲ್ಲ, ಅದು ಈ ಕೆಲಸಕ್ಕೆ ವಿಪರೀತ ಗಟ್ಟಿ. ಜೋಡಿಸುವಾಗ ಆ್ಯಕ್ಸಲ್ ಬಿಗಿದು, ಫೋರ್ಕನ್ನು ಕೆಲವು ಸಲ ಒತ್ತಿ ಕಾಲುಗಳು ತಾವಾಗಿ ಸಮನಾದ ಮೇಲೆಯೇ ಆ್ಯಕ್ಸಲಿನ ಪಿಂಚ್ ಬೋಲ್ಟ್ ಬಿಗಿಯಬೇಕು. ಇಲ್ಲದಿದ್ದರೆ ಕಾಲುಗಳು ಓರೆಯಾಗಿ ಹೊಸ ಬುಷ್, ಸೀಲುಗಳು ಬೇಗ ಸವೆಯುತ್ತವೆ. ಎಣ್ಣೆ ಕುಡಿದ ಬ್ರೇಕ್ ಪ್ಯಾಡನ್ನು ತೊಳೆದು ಬಳಸದೆ ಬದಲಿಸಬೇಕು, ಡಿಸ್ಕನ್ನು ಬ್ರೇಕ್ ಕ್ಲೀನರಿನಿಂದ ಒರೆಸಬೇಕು.

ಹಳೆಯ ಎಣ್ಣೆ ಅಪಾಯಕಾರಿ ತ್ಯಾಜ್ಯಗಳ 2016ರ ನಿಯಮಗಳ ವ್ಯಾಪ್ತಿಗೆ ಬರುತ್ತದೆ. ಚರಂಡಿಗೆ ಸುರಿದದ್ದು ದಹಿಸರ್‌ನಂಥಲ್ಲಿ ನದಿಗೂ ಅಲ್ಲಿಂದ ಖಾರಿಗೂ ಹೋಗುತ್ತದೆ.

ಸುಧಾರಣೆ

ಫೋರ್ಕ್ ಬಿಚ್ಚಿದಾಗಲೇ ಅದನ್ನು ಸುಧಾರಿಸುವುದು ಸುಲಭ. ಎಣ್ಣೆಯ ದರ್ಜೆ ಬದಲಿಸುವುದು ಅಗ್ಗದ ಮಾರ್ಗ: ಗಟ್ಟಿ ಎಣ್ಣೆ ಕುಸಿತವನ್ನು ನಿಧಾನಗೊಳಿಸುತ್ತದೆ, ಜೊತೆಗೆ ಚೂಪು ಗುಂಡಿಯ ಪೆಟ್ಟನ್ನು ಕೈಗೆ ಹೆಚ್ಚು ತಲುಪಿಸುತ್ತದೆ. ಡಬ್ಬಿಯ ಮೇಲಿನ 10ಡಬ್ಲ್ಯು, 15ಡಬ್ಲ್ಯು ಎಂಬ ಅಂಕಿಗಳು ಕಂಪನಿಯಿಂದ ಕಂಪನಿಗೆ ಹೊಂದುವುದಿಲ್ಲ. 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಣ್ಣೆಯ ಸ್ನಿಗ್ಧತೆ ಎಷ್ಟೆಂಬ ಅಂಕಿಯನ್ನೇ ಹೋಲಿಸಬೇಕು. ಸವಾರನ ತೂಕಕ್ಕೆ ಸ್ಪ್ರಿಂಗ್ ಮೆತ್ತಗಾದರೆ ಬಿಗಿಯಾದ ಅಥವಾ ಒತ್ತಿದಂತೆ ಬಿಗಿಯಾಗುವ ಪ್ರೋಗ್ರೆಸಿವ್ ಸ್ಪ್ರಿಂಗ್ ಹಾಕಬಹುದು. ಸವಾರ ಕೂತಾಗ ಫೋರ್ಕ್ ತನ್ನ ಒಟ್ಟು ಚಲನೆಯ ನಾಲ್ಕನೇ ಒಂದು ಭಾಗದಿಂದ ಮೂರನೇ ಒಂದರ ಒಳಗೆ ಇಳಿಯುವುದು ರಸ್ತೆಗೆ ಒಪ್ಪುವ ಅಳತೆ. 130 ಮಿ.ಮೀ. ಚಲನೆಯ ಫೋರ್ಕಿನಲ್ಲಿ ಅದು ಸುಮಾರು 33ರಿಂದ 43 ಮಿ.ಮೀ.

ಸಾದಾ ಡ್ಯಾಂಪರ್ ಕಡ್ಡಿಯಲ್ಲಿ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಆದ್ದರಿಂದ ನಿಧಾನ ಚಲನೆಗೆ ಅದು ಸಾಲದು, ಹಠಾತ್ ಪೆಟ್ಟಿಗೆ ಅತಿಯಾಗುತ್ತದೆ. ಕಡ್ಡಿಯ ಮೇಲೆ ಕೂರಿಸುವ ಎಮ್ಯುಲೇಟರ್ ಎಂಬ ಕವಾಟ ಹೆಚ್ಚಿನ ಒತ್ತಡದಲ್ಲಿ ತೆರೆದುಕೊಂಡು ಈ ಕೊರತೆಯನ್ನು ತಗ್ಗಿಸುತ್ತದೆ. ಕರಾವಳಿಯಲ್ಲಿ ಉಪಯುಕ್ತವಾದ ಇನ್ನೊಂದು ಸೇರ್ಪಡೆ ಕೊಳವೆಯನ್ನು ಮುಚ್ಚುವ ರಬ್ಬರ್ ಬೂಟು. ಅದರೊಳಗೆ ನೀರು ನಿಲ್ಲದಂತೆ ತಳದ ರಂಧ್ರ ತೆರೆದಿರಬೇಕು. ಮಳೆಗಾಲದಲ್ಲಿ ಆಗಾಗ ಬೂಟೆತ್ತಿ ಒರೆಸಬೇಕು.

ಬೇರೆ ಬೈಕಿನ ತಲೆಕೆಳಗಾದ ಫೋರ್ಕನ್ನು ಪೂರ್ತಿಯಾಗಿ ಕೂರಿಸುವ ಹುಮ್ಮಸ್ಸು ಯುವಕರಲ್ಲಿದೆ. ಇದರಲ್ಲಿ ಸ್ಟೀರಿಂಗ್ ಕಡ್ಡಿಯ ಉದ್ದ, ಬೇರಿಂಗ್, ಆ್ಯಕ್ಸಲ್, ಬ್ರೇಕ್ ಎಲ್ಲವೂ ಬದಲಾಗಿ ವಾಹನದ ಮುಂಗೋನವೂ (ಫೋರ್ಕ್ ವಾಲಿರುವ ಕೋನ) ಏರುಪೇರಾಗುತ್ತದೆ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮು ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿಷೇಧಿಸುತ್ತದೆ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿದಿದೆ. ಅದೇ ಅಳತೆಯ ಸೀಲು, ಬುಷ್, ಎಣ್ಣೆ ಬದಲಿಸುವುದು ದುರಸ್ತಿಯೇ ಹೊರತು ಮಾರ್ಪಾಡಲ್ಲ. ದಿನಬಳಕೆಯ ಬೈಕಿಗೆ ನುಣುಪಾದ ಕೊಳವೆ, ಸರಿಯಾದ ಸ್ಪ್ರಿಂಗ್ ಮತ್ತು ಅಳತೆಯ ಎಣ್ಣೆಯಷ್ಟೇ ಸಾಕು.